ಎರಡು ಸಾಲು, ನಾಲ್ಕು ಸೆಕೆಂಡು

ಸೆತೂಬಲ್ ಬಂದರಿನ ಹಿಂದಿನ ಬೀದಿಯ ಟಾಕೀಸಿನಲ್ಲಿ
ಹದಿನಾರು ವರ್ಷ ನಾನು ರೀಲು ಓಡಿಸಿದೆ.
ಹೊರದೇಶದ ಚಿತ್ರಗಳು. ಮಾತು ಅವರದು,
ಪರದೆಯ ಬುಡದಲ್ಲಿ ಬಿಳಿ ಅಕ್ಷರದ ಅರ್ಥ ನಮ್ಮದು:
ಒಮ್ಮೆಗೆ ಎರಡು ಸಾಲು, ನಾಲ್ಕು ಸೆಕೆಂಡು,
ಆಮೇಲೆ ಕಾಲಿಗೆ ಬಿದ್ದರೂ ಇಲ್ಲ.

ಬುಧವಾರದ ಮಧ್ಯಾಹ್ನದಾಟಕ್ಕೆ ಫೆಲಿಶ್ಮಿನಾ ಬರುತ್ತಿದ್ದಳು,
ಕಂಬದ ಪಕ್ಕದ ಕುರ್ಚಿಗೆ.
ವಯಸ್ಸು ಐವತ್ತೊಂದು. ಬೂತಾಯಿ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೆಲಸ;
ಎಷ್ಟು ಸೋಪು ತಿಕ್ಕಿದರೂ ಬೆರಳಿನ ಎಣ್ಣೆವಾಸನೆ
ಟಿಕೆಟ್ಟಿಗೂ ಅಂಟುತ್ತಿತ್ತು.
ಅಕ್ಷರ ಕಲಿತದ್ದು ಹಿಂದಿನ ಚಳಿಗಾಲ,
ಸರ್ಕಾರ ಉರುಳಿದ ಮೇಲೆ, ಸಂಘದ ಮಾಳಿಗೆಯಲ್ಲಿ,
ಕಾಜಿಮೀರು ಎಂಬ ಮೀಸೆ ಮೂಡದ ಹುಡುಗನಿಂದ.

ನನ್ನ ಕಿಂಡಿಯಿಂದ ಕಾಣುತ್ತಿದ್ದುದು ಅವಳ ಹಿಂದಲೆ ಮಾತ್ರ.
ಕಪ್ಪು ಚೌಕ ಎಡದಿಂದ ಬಲಕ್ಕೆ
ಇಂಚಿಂಚೇ ಸರಿಯುವುದು;
ಅರ್ಧದಾರಿಯಲ್ಲಿ ಸಾಲು ಮಾಯ.
ಗಕ್ಕನೆ ಮತ್ತೆ ಎಡಕ್ಕೆ.
ಆಟ ಬಿಟ್ಟ ಮೇಲೆ ಮೆಟ್ಟಿಲಲ್ಲಿ ಹಿಡಿದು ಕೇಳುತ್ತಿದ್ದಳು:
"ಆ ಹೆಂಗಸು 'ನಾನು ಇನ್ನು' ಅಂದಳಲ್ಲ,
ಇನ್ನು ಏನು?"
"ನಾನು ಇನ್ನು ಬರುವುದಿಲ್ಲ."
"ಹಾಗೋ," ಎಂದು ಉಳಿದರ್ಧ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದಳು.

ಒಂದು ಬುಧವಾರ ಕರುಳು ಕೇಳಲಿಲ್ಲ,
ಮೋಟರಿನ ವೇಗ ಕೊಂಚ ತಗ್ಗಿಸಿದೆ.
ನಾಯಕಿ ಹೋರಿಯ ಹಾಗೆ ಗುಟುರು ಹಾಕಿದಳು,
ಪಿಟೀಲು ನರಳಿತು, ಮಾಲೀಕ ಓಡಿ ಬಂದ.
ಫೆಲಿಶ್ಮಿನಾ ಸೊಂಟಕ್ಕೆ ಕೈ ಕೊಟ್ಟು ನಿಂತಳು:
"ಕಾರ್ಖಾನೆಯ ಬೆಲ್ಟು ನನಗಾಗಿ ನಿಲ್ಲುತ್ತದೇನು?
ನಿನ್ನ ದಯೆ ನಿನ್ನ ಹತ್ತಿರವೇ ಇರಲಿ."
ಎರಡು ಮೆಟ್ಟಿಲು ಇಳಿದವಳು
ಅಲ್ಲೇ ನಿಂತಳು. ತನಗೇ ಅಂದುಕೊಂಡಳು:
"ಬೆಲ್ಟಿನ ಮೇಲೆ ಬೂತಾಯಿ ಬರುವಾಗ
ಕಣ್ಣು, ಕಿವಿರು, ಬಾಲ ಅಂತ ಒಂದೊಂದೇ ನೋಡುತ್ತೇನೆಯೇ?
ಮೀನು ನೋಡುತ್ತೇನೆ. ಕೆಟ್ಟದ್ದು ತಾನಾಗಿ ಕೈಗೆ ಬರುತ್ತದೆ.
ಮಾತನ್ನು ಮಾತ್ರ ಯಾಕೆ
ಮುಳ್ಳು ಮುಳ್ಳಾಗಿ ಬಿಡಿಸುತ್ತಿದ್ದೇನೆ?"

ಆಮೇಲೆ ಬಸ್ಸಿನ ಕಿಟಕಿಯಿಂದ ಬೋರ್ಡುಗಳ ಮೇಲೆ ಕಣ್ಣೆಸೆದಳು.
ಕಾಗದದಂಗಡಿಯನ್ನು ಬ್ರೆಡ್ಡಿನಂಗಡಿ ಎಂದೋದಿ
ಇಳಿದು, ಬರಿಗೈಯಲ್ಲಿ ಒಂದು ಸ್ಟಾಪು ನಡೆದಳು.
("ಎರಡಕ್ಕೂ ಮೊದಲಕ್ಷರ ಒಂದೇ, ಹಾಳಾದ್ದು.")
ಡಬ್ಬಿಯ ಮುಚ್ಚಳ, ಗೋಡೆಯ ಘೋಷಣೆ, ಹಳೆ ಪಂಚಾಂಗ:
ಒಂದು ನೋಟ, ಅಂಗೈ ಮುಚ್ಚು, ಏನಿತ್ತು ಹೇಳು.
ಮೇ ತಿಂಗಳಿಗೆ ಸಾಲೆಲ್ಲ ಕೈಗೆ ಸಿಕ್ಕವು, ಚಿತ್ರ ತಪ್ಪಿಹೋಯಿತು.
"ಒಂದೂ ಬಿಡದೆ ಓದಿದೆ," ಅಂದಳು,
"ಕಥೆ ಏನೆಂದು ಮಾತ್ರ ಕೇಳಬೇಡ."
ಅಗಿಯದೆ ನುಂಗಿದವಳ ಮುಖ ಅವಳದು.

ಯಾವ ವಾರ ಎಂದು ಹೇಳಲಾರೆ,
ಚೌಕ ಅಲ್ಲಾಡುವುದು ನಿಂತಿತ್ತು.
ಇನ್ನೂ ಕೆಲವು ವಾರಕ್ಕೆ
ಅದು ಮೇಲಕ್ಕೆ ವಾಲಿತು, ಮುಖಗಳ ಕಡೆಗೆ.
ಅಂದು ಮೆಟ್ಟಿಲಲ್ಲಿ ಅವಳು ಕೇಳಲಿಲ್ಲ, ಹೇಳಿದಳು:
"ಕೆಳಗೆ 'ಹೋಗು, ನನಗೇನೂ ಇಲ್ಲ' ಅಂತಿತ್ತು.
ಸುಳ್ಳು. ಕುತ್ತಿಗೆ ನೋಡಿದೆಯಾ? ಉಗುಳು ನುಂಗಿದಳು."
ಆ ರೀಲನ್ನು ನಾನು ಹನ್ನೊಂದು ಸಲ ಓಡಿಸಿದ್ದೆ.
ಹನ್ನೆರಡನೆಯ ಸಲ ನೋಡಿದೆ.

ಮುಂದಿನದು ಬೇರೆಯವರು ಹೇಳಿದ್ದು.
ಕಾರ್ಖಾನೆಯವರು ಆರು ಪುಟದ ಕಾಗದ ತಂದರಂತೆ,
ಮೇಸ್ತ್ರಿ ಪೆನ್ನು ಬಿಚ್ಚಿ ಹಿಡಿದು "ಬೇಗ, ಬೇಗ" ಎಂದನಂತೆ,
ಹಿಂದೆ ನಲವತ್ತು ಹೆಂಗಸರ ಸಾಲು.
ಫೆಲಿಶ್ಮಿನಾ ಕುರ್ಚಿ ಎಳೆದು ಕೂತಳು.
ಬೆರಳಿಟ್ಟಳು. ಮೊದಲ ದಿನದ ಹುಡುಗಿಯ ಹಾಗೆ
ತುಟಿ ಅಲುಗಿಸುತ್ತ, ಅಕ್ಷರಕ್ಕೆ ಅಕ್ಷರ ಕೂಡಿಸುತ್ತ.
"ಇದು ಸಿನೆಮಾ ಅಲ್ಲ ಮಗಾ, ಓಡಿಹೋಗುವುದಿಲ್ಲ."
ಸೈರನ್ನು ಕೂಗಿತು. ಯಾರೂ ಕದಲಲಿಲ್ಲ.
ನಾಲ್ಕನೆಯ ಪುಟದಲ್ಲಿ
'ಸ್ವಇಚ್ಛೆಯಿಂದ' ಎಂಬಲ್ಲಿಗೆ ಬೆರಳು ಬಂತು,
ಹಿಂದಕ್ಕೆ ಹೋಯಿತು, ಮತ್ತೆ ಬಂತು,
ಎತ್ತಿ ಮೂಸಿದಳೋ ಎಂಬಂತೆ ಮೂಗು ಸಿಂಡರಿಸಿದಳಂತೆ.
ಕೆಟ್ಟ ಮೀನು.